ರೈಟರಮ್ಮ ಹಡಗು ಹತ್ತಿದ್ದು

ವಿಮಾನ, ಸಮುದ್ರ, ಹಡಗು ಮೂರನ್ನೂ ನಾನು ಒಂದೇ ವಾರದಲ್ಲಿ ಕಂಡೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಇಪ್ಪತ್ತಾರು ತುಂಬಿತ್ತು. ಆನೇಮಹಲ್‌ನಿಂದ ನಾಲ್ಕು ಮೈಲಿ ಒಳಗಿದ್ದ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ರೈಟರ್ ಎಂದರೆ ಬೆಳಿಗ್ಗೆ ಏಳೂವರೆಗೆ ಲೈನ್ ಮನೆಗಳ ಮುಂದೆ ನಿಂತು ಆಳುಗಳ ಹಾಜರಿ ಹಾಕುವವರು, ಯಾರು ಯಾವ ತಾಕಿಗೆ ಹೋಗಬೇಕೆಂದು ಹೇಳುವವರು, ಸ್ಟೋರಿನ ಬೀಗದ ಕೈ ಸೊಂಟದಲ್ಲಿಟ್ಟುಕೊಂಡು ಓಡಾಡುವವರು. ಆ ಕೆಲಸಕ್ಕೆ ಹೆಣ್ಣನ್ನು ಇಟ್ಟುಕೊಂಡ ಎಸ್ಟೇಟ್ ಸುತ್ತಮುತ್ತ ನಮ್ಮದೊಂದೇ. ಮೊದಲ ತಿಂಗಳು ಆಳುಗಳು ಸೆರಗು ಅಡ್ಡ ಹಿಡಿದು ನಕ್ಕರು. ಎರಡನೇ ತಿಂಗಳಿಂದ ರೈಟರಮ್ಮ ಎಂದು ಕರೆದರು.

ಎಸ್ಟೇಟಿನ ಒಡತಿಯನ್ನು ಎಲ್ಲರೂ ಅಮ್ಮೋರು ಎನ್ನುತ್ತಿದ್ದರು. ಅರವತ್ತನಾಲ್ಕರ ಎತ್ತರದ ಹೆಂಗಸು. ಮಳೆಗಾಲ ಬೇಸಿಗೆ ಎನ್ನದೆ ಗಂಡಸರ ಗಂಬೂಟು ಹಾಕಿ, ಸೀರೆ ಎತ್ತಿ ಸಿಕ್ಕಿಸಿಕೊಂಡು ತೋಟ ಸುತ್ತುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಆ ತೋಟವನ್ನು ಒಬ್ಬರೇ ನಡೆಸಿದ್ದರು. ಮಕ್ಕಳಿರಲಿಲ್ಲ. ಇದ್ದ ಒಂದು ಹುಚ್ಚು ಹಕ್ಕಿಗಳದ್ದು. ಕಪ್ಪು ರಟ್ಟಿನ ದಪ್ಪ ಪುಸ್ತಕದಲ್ಲಿ ಯಾವ ದಿನ, ಯಾವ ಮರದಲ್ಲಿ, ಯಾವ ಹಕ್ಕಿ ಕಂಡಿತೆಂದು ಬರೆದಿಡುತ್ತಿದ್ದರು. ಅಂಥ ಪುಸ್ತಕಗಳು ಹನ್ನೊಂದಿದ್ದವು.

ಆ ವರ್ಷ ಹಣ್ಣು ಕೊಯ್ಲು ಶುರುವಾಗುವ ಹೊತ್ತಿಗೆ ಅವರ ಕಣ್ಣು ಕೈಕೊಟ್ಟಿತು. ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ, ಅಂಚಿನ ನೋಟ ಉಳಿಯುತ್ತದೆ, ನಡುವಿನದು ಹೋಗುತ್ತದೆ ಎಂದು ಮಂಗಳೂರಿನ ವೈದ್ಯರು ಹೇಳಿ ಕಳಿಸಿದರು. ಎದುರು ನಿಂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮಾತಾಡುವಾಗ ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ ನಮ್ಮನ್ನು ಬದಿಯಿಂದ ನೋಡತೊಡಗಿದರು. ಅದರ ಬಗ್ಗೆ ಅವರು ಯಾರ ಹತ್ತಿರವೂ ಗೋಳಾಡಿದ್ದನ್ನು ನಾನು ಕೇಳಲಿಲ್ಲ. ಆದರೆ ಹನ್ನೆರಡನೇ ಪುಸ್ತಕ ತೆರೆಯದೆ ಹಾಗೇ ಉಳಿಯಿತು.

ಜನವರಿಯಲ್ಲಿ ಚೆನ್ನೈನಿಂದ ಅವರ ಶಾಲೆಯ ಗೆಳತಿಯ ಕಾಗದ ಬಂತು. ಓದಿ ಹೇಳಿದವಳು ನಾನೇ. ಹದಿನೆಂಟು ಜನ ಹಿಡಿಸುವ ಸಣ್ಣದೊಂದು ಹಡಗು ಮಾರ್ಚಿಯಲ್ಲಿ ಪೋರ್ಟ್‌ಬ್ಲೇರಿನಿಂದ ಹೊರಟು, ಜನವಸತಿಯಿಲ್ಲದ ದ್ವೀಪಗಳನ್ನು ಒಂದು ವಾರ ಸುತ್ತಿಸಿ ತರುತ್ತದಂತೆ. ಹಕ್ಕಿ, ಆಮೆ, ಡಾಲ್ಫಿನ್ ತೋರಿಸುತ್ತಾರಂತೆ. ಗೆಳತಿಗೆ ಮಂಡಿನೋವು, ಬರಲಾರಳು, ಆದರೆ ನೀನು ಯಾವಾಗಲೂ ಸಮುದ್ರದ ಹಕ್ಕಿ ನೋಡಬೇಕು ಎನ್ನುತ್ತಿದ್ದೆಯಲ್ಲ ಎಂದು ಬರೆದಿದ್ದಳು. ಅಮ್ಮೋರು ಕಾಗದವನ್ನು ಎರಡು ಸಲ ಓದಿಸಿದರು. ಆಮೇಲೆ, ಗೊಬ್ಬರದ ವಿಚಾರ ಹೇಳುವ ದನಿಯಲ್ಲೇ ಹೇಳಿದರು:

“ಇಬ್ಬರಿಗೆ ಜಾಗ ಐತಾ ಕೇಳಿ ಬರಿ. ನೀನು ನೋಡಿ ಹೇಳು, ನಾನು ಕೇಳ್ತೀನಿ.”

ನಾನು ಹಡಗಿಗೆ ಹೆದರಲಿಲ್ಲ, ಹೆದರಿದ್ದು ನೋಡಿ ಹೇಳುವುದಕ್ಕೆ. ಅದನ್ನು ಕಲಿಸಲು ಅವರು ಎರಡು ತಿಂಗಳು ಪಟ್ಟು ಹಿಡಿದರು. ಭಾನುವಾರ ಬಂತೆಂದರೆ ಜೀಪಿನಲ್ಲಿ ಬಿಸಿಲೆ ಕಾಡಿನ ರಸ್ತೆಗೆ ಹೋಗುತ್ತಿದ್ದೆವು. ರಸ್ತೆ ಬದಿಯ ಕಲ್ಲಿನ ಮೇಲೆ ಅವರು ಕೂರುವುದು, ನಾನು ನಿಂತು ನೋಡುವುದು. ಮೊದಲ ದಿನ ನಾನು, ಮರದ ಮೇಲೆ ಒಂದು ಹಕ್ಕಿ ಕೂತೈತೆ ಎಂದೆ. ಯಾವ ಮರ, ಎಷ್ಟು ಎತ್ತರ, ಮೈನಾಗಿಂತ ದೊಡ್ಡದೋ ಚಿಕ್ಕದೋ, ಯಾವ ಕಡೆ ಮುಖ, ಬಾಲ ಆಡಿಸುತ್ತದೋ ಸುಮ್ಮನಿದೆಯೋ ಎಂದು ಅವರು ಕೇಳುತ್ತಾ ಹೋದರು. ನಾನು ತಡವರಿಸುವಷ್ಟರಲ್ಲಿ ಹಕ್ಕಿ ಹಾರಿಹೋಯಿತು. ಅವರಿಗೆ ಸಿಟ್ಟು ಬಂತು. ನನಗೂ ಬಂತು, ಆದರೆ ನನ್ನ ಮೇಲೆ.

ಮುಂದಿನ ಭಾನುವಾರದ ಹೊತ್ತಿಗೆ ಒಂದು ಕ್ರಮ ಹಿಡಿದೆ. ಮೊದಲು ಗಾತ್ರ, ಆಮೇಲೆ ಜಾಗ, ಆಮೇಲೆ ಬಣ್ಣ, ಕೊನೆಗೆ ಅದು ಮಾಡುತ್ತಿರುವ ಕೆಲಸ. ತಿಂಗಳು ಕಳೆಯುವಷ್ಟರಲ್ಲಿ ನಾನು ನಾಲ್ಕು ಮಾತಿನಲ್ಲಿ ಹೇಳಿದ್ದಕ್ಕೆ ಅವರು ಹಕ್ಕಿಯ ಹೆಸರು ಹೇಳುವಂತಾಯಿತು. ಒಂದು ಸಲ ನಾನು ಹೇಳಿದ್ದನ್ನು ಕೇಳಿ ಅದು ಹೆಣ್ಣು ಮಂಗಟ್ಟೆ, ಪೊಟರೆ ಹುಡುಕುತ್ತಿದೆ ಎಂದರು. ಐದು ನಿಮಿಷದಲ್ಲಿ ಅದು ಸೀದಾ ಹೋಗಿ ಹಳೇ ಮರವೊಂದರ ಪೊಟರೆಯೊಳಗೆ ತಲೆ ಹಾಕಿತು. ಆವತ್ತು ವಾಪಸು ಬರುವಾಗ ಜೀಪಿನಲ್ಲಿ ಇಬ್ಬರೂ ಜೋರಾಗಿ ಮಾತಾಡಿಕೊಂಡು ಬಂದೆವು.

ಊರಿನಲ್ಲಿ ಒಪ್ಪಿಸುವುದು ಬಾಕಿಯಿತ್ತು. ನನ್ನ ಊರು ಆಲೂರು ತಾಲೂಕಿನ ಕುಂದೂರು ಕಡೆ. ಗದ್ದೆ, ಒಂದಿಷ್ಟು ಆಲೂಗೆಡ್ಡೆ, ನಾಲ್ಕು ದನ ನಮ್ಮ ಬದುಕು. ಹೆಣ್ಣು ನೋಡಲು ಬರುವವರಿಗೆ ಹುಡುಗಿ ಹಡಗಿನಲ್ಲಿ ಹೋಗಿದ್ದಾಳೆ ಎಂದು ಹೇಗೆ ಹೇಳುವುದು ಎಂದು ಅವ್ವ ಎರಡು ದಿನ ಮಾತು ಬಿಟ್ಟಳು. ಅಪ್ಪ ಅಂಗಳದಲ್ಲಿ ನೇಗಿಲಿನ ಹಿಡಿ ಕೆತ್ತುತ್ತಾ ಕೂತಿದ್ದ. ಕೇಳಿಸಿಕೊಂಡು, ತಲೆ ಎತ್ತದೆ, “ಹೋಗ್ಬುಟ್ಟು ಬಾ ಕಣವ್ವ. ಬರೋ ಗಂಡು ಅದಕ್ಕೇ ಹೆದರ್ಕೊಂಡ್ರೆ ಬರದಿದ್ರೇ ವಾಸಿ” ಎಂದ.

ಕಾಫಿ ಗಿಡ ಹೂ ಬಿಡಿಸುವ ಹೂಮಳೆಯ ಹೊತ್ತಿನಲ್ಲಿ ತೋಟ ಬಿಟ್ಟು ಹೋಗುವ ಪ್ಲಾಂಟರ್ ಯಾರೂ ಇಲ್ಲ. ಅಮ್ಮೋರು ಮೇಸ್ತ್ರಿಯ ಕೈಗೆ ಸ್ಪ್ರಿಂಕ್ಲರ್ ಮೋಟಾರಿನ ಬೀಗದ ಕೈ ಕೊಟ್ಟು, ಯಾವ ತಾಕಿಗೆ ಮೊದಲು ನೀರು ಎಂದು ಹೇಳಿ, ಹಿಂದೆ ತಿರುಗಿ ನೋಡದೆ ಹೊರಟರು.

ಚೆನ್ನೈನಿಂದ ವಿಮಾನ ಹತ್ತಿ ಪೋರ್ಟ್‌ಬ್ಲೇರ್ ತಲುಪಿದೆವು. ಹಡಗು ನಾನು ಎಣಿಸಿದ್ದಕ್ಕಿಂತ ಚಿಕ್ಕದಿತ್ತು. ನಮ್ಮ ಕಾಫಿ ಗೋದಾಮಿನಷ್ಟು ಉದ್ದ, ಬಿಳಿ ಬಣ್ಣ, ಒಳಗೆಲ್ಲ ಡೀಸೆಲ್ಲಿನ ವಾಸನೆ. ನಮ್ಮ ಕೋಣೆಯಲ್ಲಿ ಒಂದರ ಮೇಲೊಂದು ಎರಡು ಮಂಚ, ಒಂದು ದುಂಡನೆಯ ಕಿಟಕಿ. ಮೊದಲ ದಿನವಿಡೀ ನಾನು ವಾಂತಿ ಮಾಡಿಕೊಂಡೆ. ಅಮ್ಮೋರಿಗೆ ಏನೂ ಆಗಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ, ಎರಡೂ ಪಾದಗಳನ್ನು ಮಂಚದ ಕಾಲಿಗೆ ಒತ್ತಿ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದರು. ಹಡಗು ಎಡಕ್ಕೆ ವಾಲಿದಾಗ ಅವರೂ ವಾಲಿದರು, ಕೈ ಮಾತ್ರ ಅಲುಗಲಿಲ್ಲ. ಪೂಜೆ ಮುಗಿಸಿ ನನಗೆ ಒಣಶುಂಠಿ ಕಷಾಯ ಮಾಡಿಸಿ ತರಿಸಿದರು. ಹಡಗಿನ ಅಡಿಗೆಯವನಿಗೆ ಮೀನು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ನಾವು ಕಟ್ಟಿಕೊಂಡು ಹೋಗಿದ್ದ ಅಕ್ಕಿಹಿಟ್ಟು, ಚಟ್ನಿಪುಡಿ, ನಮ್ಮದೇ ತೋಟದ ಕಾಫಿಪುಡಿ ಒಂದು ವಾರ ನಮ್ಮನ್ನು ನಡೆಸಿದವು. ಮೂರನೇ ದಿನದ ಹೊತ್ತಿಗೆ ಅರ್ಧ ಹಡಗು ನಮ್ಮ ಕಾಫಿ ಕುಡಿಯುತ್ತಿತ್ತು.

ಜೊತೆಗಿದ್ದವರೆಲ್ಲ ಓದಿದವರು, ಊರೂರು ಸುತ್ತಿದವರು. ಮೈಸೂರಿನ ನಿವೃತ್ತ ಡಾಕ್ಟರ್ ಮತ್ತು ಅವರ ಹೆಂಡತಿಯನ್ನು ಬಿಟ್ಟರೆ ಕನ್ನಡ ಬರುವವರು ಬೇರೆ ಯಾರೂ ಇರಲಿಲ್ಲ. ಒಬ್ಬ ಹೆಂಗಸು ನನ್ನನ್ನು ಕೆಲಸದವಳೆಂದು ತಿಳಿದು ಚಹಾ ತರಲು ಸನ್ನೆ ಮಾಡಿದರು. ನಾನು ಏಳುವ ಮೊದಲೇ ಅಮ್ಮೋರು ಇಂಗ್ಲಿಷಿನಲ್ಲಿ, ಇವಳು ನನ್ನ ರೈಟರ್ ಎಂದರು. ಆ ಹೆಂಗಸು ಎದ್ದು ಬಂದು, ಯಾವ ಯಾವ ಪುಸ್ತಕ ಬರೆದಿದ್ದೀರಿ ಎಂದು ನನ್ನನ್ನು ವಿಚಾರಿಸಿದರು. ಡಾಕ್ಟರು ನಗು ತಡೆದುಕೊಂಡು ಅದನ್ನು ಕನ್ನಡಕ್ಕೆ ತಿರುಗಿಸಿದರು. ನಾನು, ಈ ವರ್ಷ ಇನ್ನೂ ಯಾವುದೂ ಮುಗಿದಿಲ್ಲ ಎಂದೆ. ಅದನ್ನು ಅವರು ಹಾಗೇ ತಿರುಗಿಸಿ ಹೇಳಿಬಿಟ್ಟರು.

ಎರಡನೇ ದಿನದಿಂದ ಹೊಟ್ಟೆ ಸರಿಯಾಯಿತು, ಕೆಲಸ ಶುರುವಾಯಿತು. ನಾವಿಬ್ಬರೂ ಹಡಗಿನ ಮೂತಿಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ಬಂಡೆಯ ಮೇಲೆ ಸಾಲಾಗಿ ಕೂತ ರೀವ ಎಂಬ ಕಡಲ ಹಕ್ಕಿಗಳು, ಮೀನು ಹಿಡಿದು ಕಾಲಿನಲ್ಲಿ ಉದ್ದಕ್ಕೆ ತಿರುಗಿಸಿಕೊಂಡು ಹಾರುವ ಬಿಳಿ ಹೊಟ್ಟೆಯ ಕಡಲ ಹದ್ದು, ನೀರಿನಿಂದ ಚಿಮ್ಮಿ ಗೇಣುದ್ದದ ರೆಕ್ಕೆ ಬಿಚ್ಚಿ ತೇಲುವ ಮೀನು. ನಾನು ಹೇಳುತ್ತಾ ಹೋದೆ, ಅವರು ತಲೆ ಓರೆ ಮಾಡಿ ಕೇಳುತ್ತಾ ಹೋದರು. ಡಾಲ್ಫಿನ್ನುಗಳು ಬಂದಾಗ ಹೋಲಿಸಲು ನನಗೆ ಏನೂ ಸಿಗಲಿಲ್ಲ. ಕೊನೆಗೆ, ಗದ್ದೆ ಬದುವಿನ ಮೇಲೆ ಓಡುವ ಕರುಗಳ ಹಾಗೆ ಒಂದರ ಹಿಂದೆ ಒಂದು ನೆಗೆಯುತ್ತಿವೆ ಎಂದೆ. ಅವರಿಗೆ ಅಷ್ಟರಲ್ಲೇ ಕಂಡಿತು.

ಹಡಗಿನಲ್ಲಿ ಒಬ್ಬ ಗೈಡ್ ಇದ್ದ. ಮೂವತ್ತೈದರ ಆಸುಪಾಸಿನವನು, ಕೊರಳಲ್ಲಿ ದುರ್ಬೀನು. ಸಮುದ್ರದ ಜೀವಗಳ ಬಗ್ಗೆ ಅವನಿಗೆ ಗೊತ್ತಿಲ್ಲದ್ದಿರಲಿಲ್ಲ. ನಾನು ಹಕ್ಕಿಗಳನ್ನು ದನಕ್ಕೂ ಕೋಳಿಗೂ ಹೋಲಿಸುವುದು ಅವನಿಗೆ ತಮಾಷೆಯಾಗಿತ್ತೆಂದು ಕಾಣುತ್ತದೆ. ಆದರೆ ಕೆಟ್ಟವನಲ್ಲ. ಅಮ್ಮೋರು ದೋಣಿಗೆ ಇಳಿಯುವಾಗಲೆಲ್ಲ ತಾನೇ ಬಂದು ಕೈ ಹಿಡಿಯುತ್ತಿದ್ದ.

ನಾಲ್ಕನೇ ದಿನ ಬೆಳಿಗ್ಗೆ ಹಡಗು ಉದ್ದನೆಯ ದ್ವೀಪವೊಂದರ ಮುಂದೆ ಲಂಗರು ಹಾಕಿತು. ದಟ್ಟ ಕಾಡು, ಅದರ ಅಂಚಿಗೆ ಬಿಳಿ ಮರಳು. ಗೈಡ್ ಎಲ್ಲರನ್ನೂ ಸೇರಿಸಿ ಅದರ ಕಥೆ ಹೇಳಿದ. ಹಿಂದೆ ಯಾವುದೋ ಮರದ ಕಂಪನಿ ನಾಟಾ ಎಳೆಸಲು ಪಳಗಿದ ಆನೆಗಳನ್ನು ಹಡಗಿನಲ್ಲಿ ತಂದು ಇಲ್ಲಿ ಇಳಿಸಿತ್ತು. ಕಂಪನಿ ಮುಳುಗಿತು, ಜನ ಹೋದರು, ಆನೆಗಳು ಉಳಿದವು. ಈಗಿರುವುದು ಅವುಗಳ ಮರಿಮಕ್ಕಳು. ಅವು ದ್ವೀಪದ ನಡುವೆ ಇರುತ್ತವೆ, ದಡಕ್ಕೆ ಬರುವುದು ಅಪರೂಪ, ಹೇಗೂ ಪಳಗಿದ ರಕ್ತ ಎಂದ. ಡಾಕ್ಟರು ಇದನ್ನು ಕನ್ನಡದಲ್ಲಿ ಹೇಳಿದಾಗ ನಾನು ಅಮ್ಮೋರ ಕಡೆ ತಿರುಗಿದೆ, ಅವರು ಇಲ್ಲವೆಂಬಂತೆ ತಲೆ ಆಡಿಸಿದರು.

ಕುಂದೂರಿನ ಕಡೆ ಹುಟ್ಟಿದವರಿಗೆ ಆನೆ ಹೊಸದಲ್ಲ. ಹೇಮಾವತಿ ಹಿನ್ನೀರಿನ ಕಡೆಯಿಂದ ಅವು ನಮ್ಮ ಗದ್ದೆಗಳಿಗೆ ಬರುತ್ತಿದ್ದವು. ನಾನು ಹೈಸ್ಕೂಲಿಗೆ ಎರಡು ಮೈಲಿ ನಡೆಯುತ್ತಿದ್ದ ಕಾಲುದಾರಿ ಅವುಗಳ ದಾರಿಯೂ ಆಗಿತ್ತು. ಬೇಲಿ ದಾಟುವ ಮೊದಲು ನಿಂತು ಮೂಗು ಎತ್ತು, ಲದ್ದಿ ಕಂಡರೆ ಮುಟ್ಟು, ಗಾಳಿ ಯಾವ ಕಡೆಗೆ ಎಂದು ನೋಡು ಎಂದು ಅಪ್ಪ ಕಲಿಸಿದ್ದ. ನಾವು ಮಗ್ಗಿ ಕಲಿತ ಹಾಗೆಯೇ ಇದನ್ನೂ ಕಲಿತೆವು.

ದೋಣಿಯಲ್ಲಿ ದಡಕ್ಕೆ ಹೋಗಿ ಹನ್ನೊಂದು ಜನ ಇಳಿದೆವು. ಮರಳಿನಿಂದ ಕಾಡಿನೊಳಗೆ ಒಂದು ಹಳ್ಳದ ಪಕ್ಕದಲ್ಲಿ ದಾರಿ ಹೋಗುತ್ತಿತ್ತು. ಸ್ವಲ್ಪ ಒಳಗೆ ಸಿಹಿನೀರಿನ ಹೊಂಡವಿದೆ, ಅಲ್ಲಿ ಆ ದ್ವೀಪಗಳಲ್ಲಿ ಮಾತ್ರ ಇರುವ ಬಾತುಕೋಳಿ ಸಿಗುತ್ತದೆ ಎಂದು ಗೈಡ್ ಮುಂದೆ ನಡೆದ. ಅಮ್ಮೋರು ನನ್ನ ಭುಜ ಹಿಡಿದುಕೊಂಡಿದ್ದರು. ಐವತ್ತು ಹೆಜ್ಜೆ ಹೋಗಿರಬೇಕು, ನನ್ನ ಕಾಲು ತಾನಾಗಿ ನಿಂತಿತು.

ಮೊದಲು ಬಂದಿದ್ದು ದಾರಿಯಲ್ಲೇ ಉಳಿದಿದ್ದ ವಾಸನೆ. ಹುಳಿಹುಳಿಯಾದ, ಹಸಿ ಹುಲ್ಲು ಜಗಿದ ಹಾಗಿನ ಆ ವಾಸನೆಯನ್ನು ಇನ್ನಾವುದೆಂದೂ ತಪ್ಪು ತಿಳಿಯುವುದು ಸಾಧ್ಯವಿಲ್ಲ. ದಾರಿ ಬದಿಯ ಮರದಲ್ಲಿ ನನ್ನ ತಲೆಗಿಂತ ಮೇಲೆ ಕೆಸರು ಉಜ್ಜಿದ ಗುರುತಿತ್ತು, ಕೆಸರು ಇನ್ನೂ ಇಳಿಯುತ್ತಿತ್ತು. ಮುಂದೆ ಲದ್ದಿ ಬಿದ್ದಿತ್ತು. ಬಗ್ಗಿ ಅಂಗೈ ಹಿಂಭಾಗದಿಂದ ಮುಟ್ಟಿದೆ. ಬಿಸಿಯಿತ್ತು. ಯಾರೋ ಇಶ್ಶಿ ಎನ್ನುವಂತೆ ಮುಖ ಮಾಡಿದರು. ಬೆನ್ನಿಗೆ ಸಮುದ್ರದ ಗಾಳಿ ಬಡಿಯುತ್ತಿತ್ತು.

“ಅಮ್ಮೋರೇ, ಇಲ್ಲೇ ಐತೆ,” ಎಂದೆ. “ಗಾಳಿ ನಮ್ಮ ಬೆನ್ನಿಂದ ಒಳಗೆ ಹೋಗ್ತಾ ಐತೆ. ನಮಗೆ ಅದು ಕಂಡಿಲ್ಲ, ಅದಕ್ಕೆ ನಾವು ಗೊತ್ತಾಗ್ಬುಟ್ಟಿದೀವಿ.”

“ಎಷ್ಟು ದೂರ?”

“ಕಲ್ಲು ಎಸೆದರೆ ಬೀಳೋವಷ್ಟು.”

ಅವರು ಇನ್ನೊಂದು ಮಾತು ಕೇಳಲಿಲ್ಲ. ನಿಂತಲ್ಲೇ ತಿರುಗಿ, ಎಲ್ಲರಿಗೂ ಕೇಳಿಸುವಂತೆ ಇಂಗ್ಲಿಷಿನಲ್ಲಿ, ನಾವು ದೋಣಿಗೆ ಹೋಗುತ್ತಿದ್ದೇವೆ, ನೀವೂ ಬನ್ನಿ ಎಂದರು. ಗೈಡ್ ನಕ್ಕ. ಐದು ವರ್ಷದಿಂದ ಈ ದಾರಿಯಲ್ಲಿ ನಡೆದಿದ್ದೇನೆ, ಅದು ನಿನ್ನೆಯ ಲದ್ದಿ ಎಂದ. ನಾನು ಅವನ ಕಡೆ ಕೈ ಚಾಚಿ, ನೀನೇ ಮುಟ್ಟಿ ನೋಡು ಎಂದು ಸನ್ನೆ ಮಾಡಿದೆ. ಅವನು ಮುಟ್ಟಲಿಲ್ಲ. ಡಾಕ್ಟರ ದಂಪತಿ ಮತ್ತು ಇನ್ನು ಮೂವರು ನಮ್ಮ ಹಿಂದೆ ಬಂದರು. ಬಾತುಕೋಳಿ ನೋಡಲೇಬೇಕೆಂದ ಮೂವರು ಅವನ ಜೊತೆ ಉಳಿದರು.

ನಾವು ಮರಳಿಗೆ ಬಂದು ದೋಣಿಯ ಹತ್ತಿರ ತಲುಪಿ ಅಮ್ಮೋರನ್ನು ಹತ್ತಿಸಿದ್ದೆವು, ಅಷ್ಟೆ. ಕಾಡಿನೊಳಗೆ ಕೊಂಬೆ ಮುರಿದ ಸದ್ದಾಯಿತು. ಗೈಡ್ ಮತ್ತು ಆ ಮೂವರು ಬೇಗ ಬೇಗ ಹೆಜ್ಜೆ ಹಾಕುತ್ತಾ ಮರಳಿಗೆ ಬಂದರು. ಅವರ ಹಿಂದೆ, ನಲವತ್ತು ಹೆಜ್ಜೆಯೂ ಇರಲಾರದು, ಎಲೆಗಳನ್ನು ಸರಿಸಿಕೊಂಡು ಸಲಗ ಹೊರಗೆ ಬಂತು. ಕಿವಿ ಅಗಲಿಸಿ ನಿಂತಿತು.

ಕೂಗಬಾರದೆಂದು ನನಗೆ ಗೊತ್ತಿತ್ತು. ಅವರು ನಮ್ಮ ಕಡೆ ಸೀದಾ ಓಡಿ ಬಂದಿದ್ದರೆ ಆ ಮರಳಿನಲ್ಲಿ ಕಾಲು ಹೂತು ಬಿದ್ದೇ ಬೀಳುತ್ತಿದ್ದರು. ಬಲಗಡೆ ಸಮುದ್ರಕ್ಕೆ ಚಾಚಿದ ಕರೀ ಬಂಡೆಗಳಿದ್ದವು. ನಾನು ದೋಣಿ ಬಿಟ್ಟು ಅವರ ಕಡೆ ಹತ್ತು ಹೆಜ್ಜೆ ನಡೆದು, ಎರಡೂ ಕೈ ಎತ್ತಿ ತಡೆದು, ಆಮೇಲೆ ಬಂಡೆಯ ಕಡೆ ತೋರಿಸಿದೆ. ಓಡಬೇಡಿ, ನಡೆಯಿರಿ ಎಂದು ಅಂಗೈಯನ್ನು ಕೆಳಗೆ ಒತ್ತಿ ಒತ್ತಿ ತೋರಿಸಿದೆ. ಗೈಡ್ ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ನಾನು ಹೇಳಿದಂತೆಯೇ ಮಾಡಿದ. ಮೂವರನ್ನೂ ಮುಂದೆ ಬಿಟ್ಟುಕೊಂಡು, ತಾನು ಕೊನೆಯಲ್ಲಿ, ಮೆಲ್ಲಗೆ ಬಂಡೆಯ ಕಡೆ ನಡೆದ. ಆನೆ ಒಮ್ಮೆ ಮುನ್ನುಗ್ಗಿ ಬಂದು ಬಂಡೆಗೆ ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತಿತು. ಅಷ್ಟರಲ್ಲಿ ಅವರು ಬಂಡೆ ಹತ್ತಿ ಆಚೆ ಇಳಿದಿದ್ದರು. ಯಾರದೋ ಟೋಪಿ ಮರಳಿನಲ್ಲಿ ಬಿದ್ದಿತ್ತು. ಸಲಗ ಸೊಂಡಿಲಿನಿಂದ ಅದನ್ನು ಮೂಸಿ, ಎತ್ತಿ, ಬಿಸಾಕಿತು.

ನಾನು ಹಿಂದಹಿಂದಕ್ಕೆ ಹೆಜ್ಜೆಯಿಟ್ಟು ದೋಣಿ ಹತ್ತಿದೆ. ದೋಣಿಯವನು ಬಂಡೆಯ ಆಚೆ ಬದಿಗೆ ಹೋಗಿ ನಾಲ್ವರನ್ನೂ ಹತ್ತಿಸಿಕೊಂಡ. ಒಬ್ಬರ ಮೊಣಕಾಲು ತರಚಿತ್ತು, ಅದು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಎಲ್ಲರೂ ಏದುಸಿರು ಬಿಡುತ್ತಾ ಕೂತಿರುವಾಗ ಆನೆ ಮರಳಿನ ಉದ್ದಕ್ಕೂ ನಿಧಾನವಾಗಿ ನಡೆದು, ತುದಿಯಲ್ಲಿ ನೀರಿಗಿಳಿಯಿತು. ಎದುರಿಗೆ ಅರ್ಧ ಮೈಲಿ ದೂರದಲ್ಲಿ ಚಿಕ್ಕ ದ್ವೀಪವೊಂದಿತ್ತು. ಸಲಗ ಎದೆಮಟ್ಟ ನೀರಿಗೆ ಹೋಗಿ, ಆಮೇಲೆ ತೇಲಿ, ಸೊಂಡಿಲನ್ನು ಮೇಲೆತ್ತಿಕೊಂಡು ಆ ದ್ವೀಪದ ಕಡೆಗೆ ಈಜತೊಡಗಿತು. ಹಿನ್ನೀರು ದಾಟುವ ಆನೆಗಳನ್ನು ನಾನು ಕಂಡಿದ್ದೆ, ಆದರೆ ಅಲೆಗಳ ನಡುವೆ ಒಂಟಿಯಾಗಿ ಹೊರಟ ಈ ಧೈರ್ಯ ನನಗೂ ಹೊಸದು.

ಅಮ್ಮೋರು ನನ್ನ ಮೊಣಕೈ ಹಿಡಿದಿದ್ದರು. ನಾನು ಹೇಳುತ್ತಿದ್ದೆ: ಈಗ ಬೆನ್ನು ಮುಳುಗಿತು, ತಲೆಯ ಎರಡು ಉಬ್ಬು ಮಾತ್ರ ಕಾಣುತ್ತದೆ, ಸೊಂಡಿಲು ಬಾಗಿದೆ, ಅಲೆ ಮೇಲೆ ಬಂತು, ಮತ್ತೆ ಎದ್ದಿತು. ನಡುವೆ ಅವರು ನನ್ನ ಮಾತು ನಿಲ್ಲಿಸಿ, ತಲೆಯನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿ ಕೂತರು.

“ತಡಿ,” ಎಂದರು. “ಇದು ನನಗೇ ಕಾಣ್ತಾ ಐತೆ.”

ಆನೆ ಆಚೆ ದಡ ಹತ್ತಿ, ಮೈ ಕೊಡವಿ, ಮರಗಳೊಳಗೆ ಹೋಗುವವರೆಗೂ ಯಾರೂ ಹಡಗಿಗೆ ಹಿಂದಿರುಗುವ ಮಾತೆತ್ತಲಿಲ್ಲ.

ಸಂಜೆ ಚಹಾದ ಹೊತ್ತಿಗೆ ಗೈಡ್ ನಮ್ಮ ಕುರ್ಚಿಗಳ ಹತ್ತಿರ ಬಂದು ನಿಂತ. ತಪ್ಪು ನನ್ನದು ಎಂದು ಎಲ್ಲರ ಎದುರಿಗೇ ಹೇಳಿದ. ಆಮೇಲೆ ಜೇಬಿನಿಂದ ನೋಟ್‌ಬುಕ್ ತೆಗೆದು, ಬೆಳಿಗ್ಗೆ ನಾನು ಏನೇನು ನೋಡಿದೆ, ಯಾವ ಕ್ರಮದಲ್ಲಿ ನೋಡಿದೆ ಎಂದು ಕೇಳಿದ. ನಾನು ಕನ್ನಡದಲ್ಲಿ ಹೇಳಿದೆ, ಡಾಕ್ಟರು ತಿರುಗಿಸಿದರು. ಒಬ್ಬೊಬ್ಬರಾಗಿ ಕುರ್ಚಿ ಎಳೆದುಕೊಂಡು ಬಂದು ಕೂತರು. ಪಳಗಿದ ರಕ್ತ ಎಂಬುದಿಲ್ಲವೇ ಎಂದು ಒಬ್ಬರು ಕೇಳಿದರು. ಪಳಗಿಸುವುದು ಒಂದೊಂದು ಆನೆಯನ್ನು, ಅದರ ಮರಿಗೆ ಅದು ಬರುವುದಿಲ್ಲ ಎಂದೆ. ನಾನು ಅಷ್ಟು ಜನರ ಮುಂದೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ದನಿ ಎಲ್ಲೂ ನಡುಗಲಿಲ್ಲ. ಆಳುಗಳ ಹಾಜರಿ ಕೂಗಿದ ಗಂಟಲು ಅದು.

ಉಳಿದ ಮೂರು ದಿನ ಪ್ರತಿ ದ್ವೀಪದಲ್ಲೂ ಇಳಿಯುವ ಮೊದಲು ಅವನು ನನ್ನನ್ನು ಮುಂದೆ ಕರೆದುಕೊಳ್ಳುತ್ತಿದ್ದ. ನೀರಿನದು ಅವನು ಕಲಿಸಿದ, ನೆಲದ್ದು ನಾನು ಹೇಳಿದೆ. ಆಮೆ ಮೊಟ್ಟೆಯಿಟ್ಟು ಸಮುದ್ರಕ್ಕೆ ವಾಪಸು ಹೋದ ಗುರುತನ್ನು ಓದುವುದು ನನಗೆ ಅವನಿಂದ ಬಂದ ವಿದ್ಯೆ.

ನಾವು ಊರಿಗೆ ಬರುವಷ್ಟರಲ್ಲಿ ಒಂದು ಹದ ಮಳೆ ಬಿದ್ದು ತೋಟ ಹೂ ಬಿಟ್ಟಿತ್ತು. ಮೇಸ್ತ್ರಿ ಮೋಟಾರಿನ ಬೀಗದ ಕೈ ವಾಪಸು ಕೊಟ್ಟ. ಅಮ್ಮೋರು ಹನ್ನೆರಡನೇ ಪುಸ್ತಕ ತೆಗೆಸಿ, ಮೇಜಿನ ಮುಂದೆ ನನ್ನನ್ನು ಕೂರಿಸಿ, ಏಳು ದಿನದ್ದನ್ನೂ ಬರೆಸಿದರು. ನಾನು ಮರೆತಿದ್ದು ಅವರಿಗೆ ನೆನಪಿತ್ತು. ಅಲ್ಲಿಂದ ಮುಂದೆ ಆ ಪುಸ್ತಕಗಳಲ್ಲಿ ಇರುವುದೆಲ್ಲ ನನ್ನ ಅಕ್ಷರ, ಅವರ ಮಾತು.

ಯುಗಾದಿಗೆ ಕುಂದೂರಿಗೆ ಹೋದಾಗ ಅವ್ವನ ಸಿಟ್ಟು ಇಳಿದಿತ್ತು. ಹಡಗಿನಲ್ಲಿ ಊಟಕ್ಕೆ ಏನು ಮಾಡಿದಿರಿ ಎಂಬುದನ್ನೇ ಮೂರು ಸಲ ಕೇಳಿದಳು. ಅಪ್ಪನಿಗೆ ನಾನು ಆನೆಯ ವಿಷಯ ಮೊದಲಿಂದ ಕೊನೆವರೆಗೆ ಹೇಳಿದೆ. ಅವನು ಹೊಗಳಲಿಲ್ಲ.

“ಯಾವ ಕೊಂಬು ಸವೆದಿತ್ತು?” ಎಂದು ಕೇಳಿದ.

“ಬಲಗಡೆದು.”

“ಹೂಂ. ಹಾಗಾದ್ರೆ ಸರಿಯಾಗೇ ನೋಡಿದೀಯ,” ಎಂದು ಎತ್ತಿಗೆ ನೀರಿಡಲು ಎದ್ದ.

ಡಿಸೆಂಬರಿನಲ್ಲಿ ಹಡಗಿನವರಿಂದ ನನ್ನ ಹೆಸರಿಗೇ ಕಾಗದ ಬಂತು. ಮಾರ್ಚಿಯ ಎರಡು ಪ್ರಯಾಣಗಳಲ್ಲಿ ಗೈಡ್ ಜೊತೆ ಕೆಲಸ ಮಾಡಲು ಬರುವಿರಾ ಎಂದು ಕೇಳಿದ್ದರು. ಅಮ್ಮೋರು ಕಾಗದ ಓದಿಸಿಕೊಂಡು, ಆ ಹದಿನೈದು ದಿನ ಹಾಜರಿ ನಾನೇ ಹಾಕುತ್ತೇನೆ, ದನಿ ಕೇಳಿದರೆ ಆಳು ಯಾರೆಂದು ನನಗೆ ಗೊತ್ತಾಗುತ್ತದೆ ಎಂದರು. ಮೇಸ್ತ್ರಿಯ ಕೈಲಿ ಬರೆಸಿ ಹಾಗೇ ಹಾಕಿದರು ಕೂಡ, ಒಂದು ಹೆಸರೂ ತಪ್ಪದೆ. ನಾನು ಮೂರು ವರ್ಷ ಹೋದೆ. ಮಧ್ಯದ ವರ್ಷ ಮದುವೆಯೂ ಆಯಿತು. ನೋಡಲು ಬಂದ ದಿನ ಆ ಮನುಷ್ಯ ಕೇಳಿದ ಮೊದಲ ಪ್ರಶ್ನೆ, ಅಲೆ ಎದ್ದಾಗ ಹಡಗು ಹೇಗೆ ವಾಲುತ್ತದೆ ಎಂಬುದು. ಆ ಮೂರು ಮಾರ್ಚಿಗಳಲ್ಲಿ ನಮ್ಮ ದೋಣಿ ಮುಟ್ಟಿದ ಯಾವ ದ್ವೀಪದಲ್ಲೂ ನನಗಿಂತ ಮೊದಲು ಯಾರೂ ಮರಳಿಗೆ ಕಾಲಿಡಲಿಲ್ಲ.